ಹಂಚಿನ ಚಾವಣಿಯ ಅಟ್ಟದ ಕಿಟಕಿ ಸೋರುತ್ತಿದ್ದರೆ: ತಗಡು, ಇಳಿಜಾರು, ನೀರಿನ ದಾರಿ

ಧಾರವಾಡದ ಮಾಳಮಡ್ಡಿಯಂಥ ಹಳೆಯ ಬಡಾವಣೆಗಳಲ್ಲಿ, ಹುಬ್ಬಳ್ಳಿಯ ಹಳೆಯ ಬಂಗಲೆಗಳಲ್ಲಿ ಮಂಗಳೂರು ಹಂಚಿನ ಚಾವಣಿ ಇನ್ನೂ ಉಳಿದಿದೆ. ಕೆಲವು ಮನೆಗಳಲ್ಲಿ ಅಟ್ಟಕ್ಕೆ ಗಾಳಿ ಬೆಳಕು ಬರಲೆಂದು ಹಂಚಿನ ನಡುವೆ ಒಂದು ಗೂಡು ಎಬ್ಬಿಸಿ, ಅದರ ಮುಖಕ್ಕೆ ಕಿಟಕಿ ಕೂರಿಸಿರುತ್ತಾರೆ. ಎಂಜಿನಿಯರುಗಳು ಇದನ್ನು ಡಾರ್ಮರ್ ಎನ್ನುತ್ತಾರೆ. ಗೂಡಿನ ತಲೆ ಹೆಚ್ಚಾಗಿ ಚಪ್ಪಟೆ, ಮೇಲೆ ತಗಡು. ಇಂಗ್ಲೆಂಡಿನ ಕಡೆ ಈ ಜಾಗಕ್ಕೆ ಸೀಸದ ತಗಡು ಹೊದಿಸುವುದು ರೂಢಿ, ನಮ್ಮಲ್ಲಿ ಜಿ.ಐ. ತಗಡು, ಅಂದರೆ ಸತು ಲೇಪಿಸಿದ ಕಬ್ಬಿಣದ ತಗಡು. ಲೋಹ ಯಾವುದಾದರೂ ನೀರಿನ ನಡವಳಿಕೆ ಒಂದೇ.

ಸೋರಿದ ಕೂಡಲೇ ಡಾಂಬರು ಬಳಿಯುವುದು, ಸಂದಿಗೆ ಸಿಲಿಕೋನ್ ತುಂಬುವುದು, ಹಂಚಿನ ಅಂಚಿಗೆ ಸಿಮೆಂಟು ಮೆತ್ತುವುದು ಎಲ್ಲ ಕಡೆ ನಡೆಯುತ್ತದೆ. ಒಂದು ಮಳೆಗಾಲ ತಡೆದರೆ ಹೆಚ್ಚು. 8 ಅಡಿಯ ಜಿ.ಐ. ತಗಡು ಬೆಳಗಿನ ತಂಪಿನಿಂದ ಏಪ್ರಿಲ್ ಮಧ್ಯಾಹ್ನದ ಕಾವಿಗೆ ಏರುವಾಗ, 50 ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು ಒಂದೂವರೆ ಮಿ.ಮೀ. ಉದ್ದವಾಗುತ್ತದೆ, ಅಷ್ಟೇ ಉದ್ದದ ಸೀಸ ಮೂರೂವರೆ ಮಿ.ಮೀ. ದಿನವೂ ಹೀಗೆ ಹಿಗ್ಗಿ ಕುಗ್ಗುವ ತಗಡನ್ನು ಗಟ್ಟಿ ಸಿಮೆಂಟು ಹಿಡಿದಿಡಲಾರದು, ಕೂದಲೆಳೆಯಷ್ಟು ಬಿರುಕು ಬಿಟ್ಟೇ ಬಿಡುತ್ತದೆ. ಆಮೇಲೆ ಒಳಗೆ ಹೋದ ನೀರು ಹೊರಬರಲು ಅದೇ ಸಿಮೆಂಟು ಅಡ್ಡ ನಿಲ್ಲುತ್ತದೆ. ಹಾಗಾಗಿ ಇಲ್ಲಿ ಹೇಳುವ ಕೆಲಸವೆಲ್ಲ ಒಂದೇ ಗುರಿಯದು: ಮೇಲಿನ ತಗಡು ಕೆಳಗಿನ ತಗಡಿನ ಮೇಲೆ ಬರಬೇಕು, ನೀರು ಎಲ್ಲೂ ನಿಲ್ಲದೆ ಸೂರಿನವರೆಗೆ ಹೋಗಬೇಕು.

ಯಾವ ಮಳೆಗೆ ಸೋರುತ್ತದೆ?

ಏಣಿ ಹಾಕುವ ಮೊದಲು ಮನೆಯವರನ್ನು ಇದೊಂದು ಕೇಳಿ. ನಮ್ಮ ಕಡೆ ಎರಡು ಬಗೆಯ ಮಳೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಅರ್ಧ ತಾಸು ಸುರಿದು ಹೋಗುತ್ತದೆ. ಆರಿದ್ರಾದಿಂದ ಆಶ್ಲೇಷದವರೆಗಿನ ಮಳೆ, ಅದರಲ್ಲೂ ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿ, ಪಡುವಣ ಗಾಳಿಯ ಜೊತೆ ದಿನಗಟ್ಟಲೆ ಜಿಟಿಜಿಟಿ ಹಿಡಿಯುತ್ತದೆ.

ಬರೀ ಮೇ ಮಳೆಗೆ ಸೋರಿದರೆ ನೀರಿನ ದಾರಿ ಸಾಲುತ್ತಿಲ್ಲ, ಇಲ್ಲವೇ ಕಸ ಕಟ್ಟಿದೆ. ಜಿಟಿಜಿಟಿ ಮಳೆಗೆ ಮಾತ್ರ, ಅದೂ ಪಶ್ಚಿಮ ಪಕ್ಕೆಯಲ್ಲಿ ತೇವ ಕಂಡರೆ ಗಾಳಿ ನೀರನ್ನು ಮೇಲಕ್ಕೆ ತಳ್ಳುತ್ತಿದೆ, ಪಕ್ಕದ ತಗಡಿನ ಎತ್ತರ ಕಡಿಮೆ. ಮಳೆ ನಿಂತು ತಾಸುಗಟ್ಟಲೆ ಆದ ಮೇಲೂ ತೊಟ್ಟಿಕ್ಕುತ್ತಿದ್ದರೆ ಗೂಡಿನ ತಲೆ ಮೇಲೆ ನೀರು ನಿಂತಿದೆ. ಮಳೆಯೇ ಇಲ್ಲದ ಚಳಿಗಾಲದ ಬೆಳಗ್ಗೆ ತಗಡಿನ ಅಡಿ ಹನಿ ಕಂಡರೆ ಅದು ಸೋರಿಕೆಯಲ್ಲ. ಒಳಗಿನ ಆವಿ ತಣ್ಣನೆಯ ತಗಡಿಗೆ ತಾಗಿ ನೀರಾಗಿದೆ. ಅದಕ್ಕೆ ಅಟ್ಟದಲ್ಲಿ ಗಾಳಿ ಆಡಬೇಕು, ತಗಡು ಬದಲಿಸಿ ಪ್ರಯೋಜನವಿಲ್ಲ.

ಹನಿ ಬಿದ್ದ ಜಾಗದ ನೇರ ಮೇಲೆ ತೂತು ಇರುತ್ತದೆ ಎಂದು ನಂಬಬೇಡಿ. ನೀರು ಪಕ್ಕಾಸಿನ (ಚಾವಣಿ ಹೊರುವ ಇಳಿಜಾರು ಮರದ) ಕೆಳಮೈ ಹಿಡಿದು ಮೂರು ನಾಲ್ಕು ಅಡಿ ಸಾಗಿ, ಮೊಳೆಯೋ ಗಂಟೋ ಸಿಕ್ಕ ಕಡೆ ಬೀಳುತ್ತದೆ. ಒಣ ದಿನ ನೀರಿನ ಪೈಪು ಹಿಡಿದು ನೋಡುವುದೇ ನಿಖರ. ಒಬ್ಬರು ಅಟ್ಟದೊಳಗೆ ಬ್ಯಾಟರಿ ಹಿಡಿದು ಕೂರಲಿ. ಇನ್ನೊಬ್ಬರು ಕೆಳಗಿನಿಂದ ಶುರು ಮಾಡಲಿ: ಮೊದಲು ಕಿಟಕಿಯ ಕೆಳಗಿನ ತಗಡು, ನಂತರ ಒಂದು ಪಕ್ಕೆ, ಇನ್ನೊಂದು ಪಕ್ಕೆ, ಆಮೇಲೆ ಗೂಡಿನ ತಲೆ, ಕೊನೆಗೆ ತಲೆಯ ಹಿಂದೆ ಹಂಚು ಸೇರುವ ಜಾಗ. ಒಂದೊಂದಕ್ಕೂ ಕನಿಷ್ಠ 10 ನಿಮಿಷ ಕೊಡಿ. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ನೆನೆದು ಏನೂ ತಿಳಿಯುವುದಿಲ್ಲ. ಪೈಪಿನ ಬಾಯಿ ಒತ್ತಿ ಕೆಳಗಿನಿಂದ ಮೇಲಕ್ಕೆ ಚಿಮ್ಮಿಸಬೇಡಿ. ಹಾಗೆ ಮಾಡಿದರೆ ಒಳ್ಳೆಯ ಚಾವಣಿಯೂ ಸೋರುತ್ತದೆ.

ಎಷ್ಟು ನೀರು?

ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಗೂಡು ನಾಲ್ಕೂವರೆ ಅಡಿ ಅಗಲ, 5 ಅಡಿ ಆಳ ಎಂದುಕೊಳ್ಳಿ. ಅದರ ಮೇಲೆ ಮಾಡಿನ (ಇಳಿಜಾರು ಚಾವಣಿಯ) ತುದಿಯವರೆಗೆ ಇನ್ನೂ 10 ಅಡಿ ಹಂಚು ಇದ್ದರೆ ಆ ನೀರೂ ಗೂಡಿನ ತಲೆಗೇ ಬರುತ್ತದೆ. ಎರಡೂ ಸೇರಿ ಸುಮಾರು 68 ಚದರ ಅಡಿ, ಅಂದರೆ ಆರೂಕಾಲು ಚದರ ಮೀಟರ್. ತಾಸಿಗೆ 100 ಮಿ.ಮೀ. ವೇಗದಲ್ಲಿ ಸುರಿದರೆ ನಿಮಿಷಕ್ಕೆ ಹತ್ತೂವರೆ ಲೀಟರ್. ಒಂದು ಕೊಡವೂ ತುಂಬುವುದಿಲ್ಲ. ಇಷ್ಟು ನೀರನ್ನು 3 ಇಂಚಿನ ಪೈಪು ಸಲೀಸಾಗಿ ಒಯ್ಯುತ್ತದೆ. ಹಾಗಾದರೂ ಗೂಡು ಸೋರುತ್ತದೆ ಎಂದರೆ ನೀರು ಹೆಚ್ಚಾದದ್ದು ಕಾರಣವಲ್ಲ. ನಿಂತದ್ದು, ತಿರುಗಿದ್ದು, ತಪ್ಪು ಕಡೆ ನುಸುಳಿದ್ದು ಕಾರಣ.

ತಲೆಯ ಇಳಿಜಾರು

ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪಿನಿಂದ ಗೂಡಿನ ಹಿಂಬದಿ ಮತ್ತು ಮುಂಬದಿಯ ಎತ್ತರ ಅಳೆಯಿರಿ. ಸೀಸದ ಚಪ್ಪಟೆ ಚಾವಣಿಗೆ 80ಕ್ಕೆ 1 ಇಳಿಜಾರು ಕನಿಷ್ಠ. ನಮ್ಮ ಹಳೆಯ ಮರದ ಮೇಲೆ ಅಷ್ಟನ್ನೇ ನಂಬಿದರೆ ಸಾಲದು. ಹಲಗೆ ಅರ್ಧ ಇಂಚು ಜಗ್ಗಿದರೂ ಇಳಿಜಾರು ಮಾಯವಾಗಿ ಅಲ್ಲೊಂದು ಕೆರೆ ಆಗುತ್ತದೆ. 40ಕ್ಕೆ 1 ಇಟ್ಟುಕೊಳ್ಳಿ. 5 ಅಡಿ ಆಳಕ್ಕೆ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಹಿಂದೆ ಎತ್ತರ, ಮುಂದೆ ತಗ್ಗು.

ಹಳೆಯ ತಗಡು ಬಿಚ್ಚಿ, ಹಲಗೆಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಕಾಲು ಇಂಚಿಗಿಂತ ಆಳ ಸಲೀಸಾಗಿ ಇಳಿದರೆ ಆ ಹಲಗೆ ತೆಗೆಯಬೇಕು. ಮೇಲೆ ಚೆನ್ನಾಗಿ ಕಂಡು ಅಡಿಯಲ್ಲಿ ಕೊಳೆತಿರುವ ಸಾಗವಾನಿಯೂ ಇರುತ್ತದೆ. ನಂತರ ಒಂದು ತುದಿ ಒಂದೂವರೆ ಇಂಚು, ಇನ್ನೊಂದು ತುದಿ ಸೊನ್ನೆ ಬರುವಂತೆ ಕೊರೆಸಿದ ಮರದ ಪಟ್ಟಿಗಳನ್ನು 15 ಇಂಚಿಗೊಂದರಂತೆ ಹಿಂದಿನಿಂದ ಮುಂದಕ್ಕೆ ಹೊಡೆಯಿರಿ. ಮೇಲೆ ಮುಕ್ಕಾಲು ಇಂಚಿನ ಹಲಗೆ ಅಥವಾ ಐ.ಎಸ್. 710 ಗುರುತಿರುವ 12 ಮಿ.ಮೀ. ಪ್ಲೈವುಡ್. ಅದರ ಮೇಲೆ ಡಾಂಬರು ಹಾಳೆ ಒಂದು ಪದರ. ಈ ಹಾಳೆ ಬಿಡಬೇಡಿ. ಒದ್ದೆ ಮರ ತಗಡಿನ ಸತುವನ್ನು ಅಡಿಯಿಂದ ತಿನ್ನುತ್ತದೆ, ಮೇಲೆ ನೋಡಿದವರಿಗೆ ಗೊತ್ತೇ ಆಗುವುದಿಲ್ಲ.

ಹಿಂಬದಿ ಒಂದೂವರೆ ಇಂಚು ಏರಿದಾಗ, 30 ಡಿಗ್ರಿ ಇಳಿಜಾರಿನ ಮಾಡಿನಲ್ಲಿ, ತಲೆ ಮತ್ತು ಹಂಚು ಸೇರುವ ಗೆರೆ ಸುಮಾರು ಎರಡೂವರೆ ಇಂಚು ಹಿಂದಕ್ಕೆ ಸರಿಯುತ್ತದೆ. ಅಲ್ಲಿರುವ ರೀಪು (ಹಂಚು ನೇತುಹಾಕುವ ಅಡ್ಡ ಪಟ್ಟಿ) ಅಡ್ಡ ಬರುತ್ತದೆಯೇ ಎಂದು ಪಟ್ಟಿ ಹೊಡೆಯುವ ಮೊದಲೇ ಗೆರೆ ಎಳೆದು ನೋಡಿಕೊಳ್ಳಿ.

ಬೆನ್ನು: ಹತ್ತರಲ್ಲಿ ಎಂಟು ಸೋರಿಕೆ ಇಲ್ಲೇ ಎಂದುಕೊಂಡು ಕೆಲಸ ಮಾಡಿ

ಗೂಡಿನ ತಲೆ ಮುಗಿದು ಮೇಲಿನ ಹಂಚು ಶುರುವಾಗುವ ಜಾಗ ಇದು. ರಭಸದಿಂದ ಇಳಿದು ಬಂದ ನೀರು ಚಪ್ಪಟೆ ತಗಡಿಗೆ ಬಿದ್ದು ನಿಧಾನವಾಗುತ್ತದೆ. ಜೊತೆಗೆ ತಂದ ಹುಣಸೆ ಎಲೆ, ಗುಲ್‌ಮೊಹರ್ ಎಲೆ, ಮಣ್ಣು ಎಲ್ಲವನ್ನೂ ಇಲ್ಲೇ ಇಳಿಸುತ್ತದೆ. ಆ ಕಸ ಸ್ಪಂಜಿನಂತೆ ನೀರು ಹಿಡಿದು ಹಂಚಿನಡಿಗೆ ಏರಿಸುತ್ತದೆ.

ತಗಡು ಗೂಡಿನ ತಲೆಯಿಂದ ಬಾಗಿ ಹಂಚಿನಡಿ ಇಳಿಜಾರಿನ ಮೇಲೆ 12 ಇಂಚು ಏರಬೇಕು. 30 ಡಿಗ್ರಿ ಮಾಡಿನಲ್ಲಿ ಅದು 6 ಇಂಚು ನಿಜವಾದ ಎತ್ತರ ಕೊಡುತ್ತದೆ. ಮೇಲಿನ ತುದಿಯನ್ನು ಅರ್ಧ ಇಂಚು ಮುಂದಕ್ಕೆ ಮಡಚಿ. ಗಾಳಿಗೆ ಏರಿ ಬಂದ ನೀರು ಆ ಮಡಿಕೆಯಲ್ಲಿ ತಿರುಗುತ್ತದೆ.

ಈಗ ಮುಖ್ಯವಾದದ್ದು. ಹಳೆಯ ಕೆಲಸಗಳಲ್ಲಿ ರೀಪನ್ನು ಈ ತಗಡಿನ ಮೇಲಿಟ್ಟು ಮೊಳೆ ಹೊಡೆದಿರುತ್ತಾರೆ. ಪ್ರತಿ ಮೊಳೆಯೂ ಒಂದು ತೂತು, ರೀಪು ಒಂದು ಅಣೆಕಟ್ಟು. ಇದು ಬೇಕಾಗಿಯೇ ಇಲ್ಲ. ಮಂಗಳೂರು ಹಂಚಿನ ಉದ್ದ ಸುಮಾರು 16 ಇಂಚು, ಅದು ನೇತಾಡುವುದು ತಲೆಭಾಗದ ಮೂತಿಯಿಂದ. ತಗಡು ಬಾಗಿದ ಗೆರೆಯಿಂದ ಸುಮಾರು 17 ಇಂಚಿನ ಮೇಲೆ ರೀಪು ಇಟ್ಟರೆ ಹಂಚಿನ ಕೆಳತುದಿ ಗೆರೆಗಿಂತ ಎರಡು-ಮೂರು ಇಂಚು ಮೇಲೆ ಬಂದು ನಿಲ್ಲುತ್ತದೆ. ತಗಡು 12 ಇಂಚಿಗೆ ಮುಗಿಯಿತು, ರೀಪು ಅದರಾಚೆ ಇದೆ, ಹಂಚು ತಗಡಿನ ಮೇಲೆ 9 ಇಂಚು ಹಾಯ್ದಿದೆ. ಒಂದು ಮೊಳೆಯೂ ತಗಡು ಮುಟ್ಟಲಿಲ್ಲ. ಹಂಚಿನ ಕೆಳತುದಿ ಕುಸಿಯದಂತೆ, ಅದು ಕೂರುವ ಕಡೆ ತಗಡಿನ ಅಡಿಯಲ್ಲಿ ಒಂದು ಇಂಚು ದಪ್ಪದ ಓರೆ ಪಟ್ಟಿ ಕೊಡಿ. ತಗಡು ಪಟ್ಟಿಯ ಮೇಲೆ ಹಾಯಲಿ, ಹಂಚು ಅದರ ಮೇಲೆ ಒರಗಲಿ.

ಮೇಲಿನ ಸಾಲುಗಳಿಗೆ ಲೆಕ್ಕ ಕೂಡದಿದ್ದರೆ ಕೊನೆಯ ಸಾಲಿನ ಹಂಚನ್ನು ಕೆಳತುದಿಯಲ್ಲಿ ಡೈಮಂಡ್ ಬ್ಲೇಡಿನಿಂದ ಕತ್ತರಿಸಿ. ತಲೆಭಾಗ ಕತ್ತರಿಸಿದರೆ ನೇತುಹಾಕುವ ಮೂತಿಯೇ ಹೋಗುತ್ತದೆ. ಹಂಚಿನ ತುದಿಗೂ ತಗಡಿಗೂ ನಡುವಿನ ಎರಡು-ಮೂರು ಇಂಚಿನ ತೆರಪನ್ನು ಸಿಮೆಂಟಿನಿಂದ ಮುಚ್ಚಲು ಗೌಂಡಿಗೆ ಬಿಡಲೇಬೇಡಿ. ಕಸ ತೊಳೆದು ಹೋಗಲು ಅದು ಬೇಕು.

ಬೆನ್ನಿನ ಎರಡು ಮೂಲೆಗಳಲ್ಲಿ ತಗಡು ಗೂಡಿನ ಅಗಲಕ್ಕೇ ನಿಂತರೆ ನೀರು ಅಲ್ಲಿಂದ ನೇರ ಅಟ್ಟಕ್ಕೆ. ಪ್ರತಿ ಮೂಲೆಗೂ 12 ಇಂಚು ಚೌಕದ ತುಂಡನ್ನು, ಪಕ್ಕೆಯಿಂದ 8 ಇಂಚು ಆಚೆ ಚಾಚುವಂತೆ, ಬೆಸುಗೆ ಹಾಕಿ ಸೇರಿಸಿ. ಪಕ್ಕೆಯ ತಗಡಿನ ಮೇಲ್ತುದಿ ಈ ಕಿವಿಯ ಅಡಿಗೆ ಬರಬೇಕು. ಬೆಸುಗೆಯ ಆಸಿಡ್ ಉಳಿದರೆ ತಗಡು ತಿನ್ನುತ್ತದೆ, ಕೂಡಲೇ ನೀರು ಹಾಕಿ ತೊಳೆಯಿರಿ. ಮಳೆನೀರನ್ನು ಕುಡಿಯುವ ತೊಟ್ಟಿಗೆ ಹಿಡಿಯುವವರು ಸೀಸ ಇಲ್ಲದ ಬೆಸುಗೆ ಕೇಳಿ ತರಬೇಕು.

ತಗಡು ಹೊದಿಸುವುದು

24 ಗೇಜಿನ ಜಿ.ಐ. ತಗಡು ಸಾಕು. ನಾಲ್ಕೂವರೆ ಅಡಿ ಅಗಲದ ತಲೆಗೆ 8×3 ಅಡಿಯ ಎರಡು ತಗಡು ಬೇಕು. ಒಂದೊಂದನ್ನೂ 31 ಇಂಚು ಅಗಲ, 6 ಅಡಿ 4 ಇಂಚು ಉದ್ದಕ್ಕೆ ಕತ್ತರಿಸಿ. ಎರಡರ ಜೋಡಣೆ ನೀರು ಹರಿಯುವ ದಿಕ್ಕಿನಲ್ಲೇ ಇರಬೇಕು: ಅಂಚುಗಳನ್ನು ಒಂದು ಇಂಚು ನೆಟ್ಟಗೆ ಎಬ್ಬಿಸಿ, ಒಂದರ ಮೇಲೊಂದು ಮಡಚಿ ಬಡಿಯುವುದು. ಅಡ್ಡ ಜೋಡಣೆ ಹಾಕಿದರೆ ಇಷ್ಟು ಕಡಿಮೆ ಇಳಿಜಾರಿನಲ್ಲಿ ನೀರು ಅದರೊಳಗೆ ಹಿಂದಕ್ಕೆ ಏರುತ್ತದೆ. ತಗಡನ್ನು ಹಿಡಿದಿಡಲು ಅದೇ ತಗಡಿನ 2 ಇಂಚು ಅಗಲದ ಕ್ಲಿಪ್ಪುಗಳನ್ನು 18 ಇಂಚಿಗೊಂದು ಹಲಗೆಗೆ ಹೊಡೆದು, ಮಡಿಕೆಯೊಳಗೆ ಸಿಕ್ಕಿಸಿ. ಬಯಲು ತಗಡಿನ ಮೇಲೆ ಎಲ್ಲೂ ಮೊಳೆ ಬೇಡ. ಮುಂಬದಿ ಅಂಚು ಕೆಳಗೆ ಬಾಗಿ ಮುಖದಿಂದ ಒಂದು ಇಂಚು ದೂರ ನಿಲ್ಲಲಿ, ಇಲ್ಲದಿದ್ದರೆ ನೀರು ತಗಡಿನ ಅಡಿ ಹಿಡಿದು ಕಿಟಕಿ ಚೌಕಟ್ಟಿಗೆ ಹೋಗುತ್ತದೆ.

ಹೊಸ ಜಿ.ಐ. ಮೇಲೆ ನೇರವಾಗಿ ಎಣ್ಣೆ ಬಣ್ಣ ಹಚ್ಚಿದರೆ ವರ್ಷದೊಳಗೆ ಸಿಪ್ಪೆ ಏಳುತ್ತದೆ. ಸತು ಬಣ್ಣದ ಎಣ್ಣೆಯ ಜೊತೆ ಸೇರಿ ಸಾಬೂನಿನಂತಾಗುವುದೇ ಕಾರಣ. ಜಿ.ಐ.ಗೆಂದೇ ಇರುವ ಎಚ್ (etch) ಪ್ರೈಮರ್ ಮೊದಲು ಹಚ್ಚಬೇಕು.

ಪಕ್ಕೆಗಳು, ಮುಖ

8×4 ಅಡಿಯ ಒಂದೇ ತಗಡನ್ನು 16 ಇಂಚಿನ ಮೂರು ಪಟ್ಟಿ ಮಾಡಿದರೆ ಎರಡು ಪಕ್ಕೆಗೂ ಮುಖಕ್ಕೂ ಆಗುತ್ತದೆ. ಪಕ್ಕೆಯ ಪಟ್ಟಿ ಗೋಡೆ ಮೇಲೆ 6 ಇಂಚು ಏರಲಿ, ಹಂಚಿನಡಿ ಸುಮಾರು 9 ಇಂಚು ಹೋಗಲಿ, ಉಳಿದದ್ದು ಹೊರ ಅಂಚಿನ ಮಡಿಕೆ. ಪಶ್ಚಿಮದ ಗಾಳಿ ನೇರ ಹೊಡೆಯುವ ಪಕ್ಕೆಗೆ ಗೋಡೆ ಕಡೆ 8 ಇಂಚು ಕೊಟ್ಟು, ಪಟ್ಟಿಯನ್ನು 18 ಇಂಚಿಗೆ ಕತ್ತರಿಸಿ; ಆಗ ಮುಖದ ಪಟ್ಟಿಗೆ 14 ಇಂಚು ಉಳಿಯುತ್ತದೆ, ನಡೆಯುತ್ತದೆ. ರೀಪುಗಳು ತಗಡಿನ ಮೇಲೆ ಕೂರಬಹುದು, ಆದರೆ ಪಕ್ಕೆಯಿಂದ 3 ಇಂಚು ದೂರದಲ್ಲೇ ನಿಲ್ಲಬೇಕು. ಮೊಳೆ ಮಡಿಕೆಯ ಆಚೆ. ಹಂಚಿನ ಅಂಚಿಗೂ ಪಕ್ಕೆಗೂ ನಡುವೆ 2 ಇಂಚು ಬಯಲು ಬಿಡಿ. ಅಲ್ಲೇ ನೀರು ಓಡುವುದು.

ಪಕ್ಕೆಗೆ ಹಲಗೆ ಹೊದಿಸಿದ್ದರೆ ಹಲಗೆ ತಗಡಿನ ಮೇಲೆ ಕನಿಷ್ಠ 3 ಇಂಚು ಇಳಿದು, ಹಂಚಿಗಿಂತ ಒಂದು ಇಂಚು ಮೇಲೆ ನಿಲ್ಲಬೇಕು. ಇಟ್ಟಿಗೆಯ ಪಕ್ಕೆ ಆಗಿದ್ದರೆ ಗ್ರೈಂಡರಿನಿಂದ ಒಂದು ಇಂಚು ಆಳದ ಗೀರು ಹೊಡೆದು ತಗಡಿನ ತುದಿ ಅದರೊಳಗೆ ಬಾಗಿಸಿ, ತಗಡಿನ ತುಂಡುಗಳನ್ನು ಬೆಣೆ ಹೊಡೆದು, ಪಾಲಿಯುರೆಥೇನ್ ಸೀಲಂಟ್ ತುಂಬಿ. ಬರೀ ಗಿಲಾವದ ಮೇಲೆ ತಗಡು ಅಂಟಿಸಿದ್ದು ಉಳಿಯುವುದಿಲ್ಲ.

ಪಕ್ಕೆಯ ತಗಡಿನ ಕೆಳತುದಿ ಎಲ್ಲಿ ಮುಗಿಯುತ್ತದೆ ಎಂದು ಬಗ್ಗಿ ನೋಡಿ. ಕಿಟಕಿಯ ಕೆಳಗಿನ ಹಂಚಿನ ಮೇಲೆ 6 ಇಂಚು ಹಾಯ್ದು ಬಂದಿರಬೇಕು. ಹಂಚಿನ ಅಡಿಯಲ್ಲಿ ಮುಗಿದಿದ್ದರೆ ಮೇಲೆ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಎಲ್ಲ ನೀರು ಒಳಗೇ.

ಮುಖದ ಪಟ್ಟಿ ಕಿಟಕಿಯ ಹೊಸ್ತಿಲಡಿ 4 ಇಂಚು ಏರಿ, ಉಳಿದ 10-12 ಇಂಚು ಹಂಚಿನ ಮೇಲೆ ಬರುತ್ತದೆ. ಹಂಚಿನ ಏರುತಗ್ಗಿಗೆ ಜಿ.ಐ. ಬಾಗುವುದಿಲ್ಲ. ಸೀಸ ಬೇರೆಲ್ಲಕ್ಕಿಂತ ಮೇಲಾಗುವುದು ಇಲ್ಲೊಂದೇ ಕಡೆ: ಮರದ ಕೊಡತಿಯಿಂದ ಮೆಲ್ಲನೆ ಬಡಿದರೆ ಹಂಚಿನ ಮೈಗೆ ಕೂರುತ್ತದೆ. ಅದಿಲ್ಲದಿದ್ದರೆ ಅಲ್ಯೂಮಿನಿಯಂ ಹೊದಿಕೆಯ ಬ್ಯುಟೈಲ್ ಟೇಪು, 12 ಇಂಚು ಅಗಲದ್ದು, ಒಣಗಿದ ಶುಭ್ರ ಹಂಚಿಗೆ ಒತ್ತಿ ಅಂಟಿಸಿ.

ಗೂಡಿನ ತಲೆ ಚಪ್ಪಟೆಯಾಗಿರದೆ ಎರಡು ಕಡೆ ಹಂಚು ಇಳಿದಿದ್ದರೆ

ಆಗ ಎರಡು ಕಣಿವೆಗಳು ಬರುತ್ತವೆ. ಮಾಡು 30 ಡಿಗ್ರಿ ಇದ್ದರೆ ಕಣಿವೆ ಬರೀ 22 ಡಿಗ್ರಿ, ಆದ್ದರಿಂದ ನೀರು ಅಲ್ಲಿ ನಿಧಾನ. 24 ಇಂಚು ಅಗಲದ ತಗಡು, ನಡುವೆ 5ರಿಂದ 6 ಇಂಚು ಬಯಲು, ಎರಡೂ ಅಂಚು ಮಡಿಕೆ, ಜೋಡಣೆಯಲ್ಲಿ ಮೇಲಿನ ತಗಡು 6 ಇಂಚು ಹಾಯಬೇಕು. ದೊಡ್ಡ ಮಾಡಿನ ನೀರು ರಭಸದಿಂದ ಬಂದು ಎದುರಿನ ಚಿಕ್ಕ ಮಾಡಿನ ಹಂಚಿನಡಿ ನುಗ್ಗುವುದನ್ನು ತಡೆಯಲು ತಗಡಿನ ನಡುವೆ ಒಂದು ಇಂಚಿನ ಏಣು ಎಬ್ಬಿಸಿ. ಹಂಚಿನ ಅಂಚಿಗೆ ಸಿಮೆಂಟು ಮೆತ್ತಿದ್ದರೆ ಉಳಿಯಿಂದ ಬಿಡಿಸಿ ತೆಗೆಯಿರಿ. ಹಸಿ ಸಿಮೆಂಟು ಸತುವನ್ನೂ ಸೀಸವನ್ನೂ ತಿನ್ನುತ್ತದೆ.

ನೀರು ಕೆಳಗಿಳಿಸುವುದು

ಗೂಡಿನ ಮುಂದೆ 4 ಇಂಚಿನ ಅರ್ಧಗೋಲದ ದೋಣಿ (ಮಳೆನೀರು ಹಿಡಿಯುವ ಕಾಲುವೆ), ಒಂದು ಕಡೆಗೆ ಕಾಲು ಇಂಚಿನಷ್ಟು ಇಳಿಜಾರು. ಅಲ್ಲಿಂದ ಇಳಿಯುವ ಪೈಪನ್ನು ಹಂಚಿನ ಮೇಲೆ ಒಂದೇ ಜಾಗಕ್ಕೆ ಬಿಡಬೇಡಿ. ಆ ಹಂಚು ಪಾಚಿಗಟ್ಟಿ, ಕೆಳಗಿನ ಜೋಡಣೆ ತುಂಬಿ ಉಕ್ಕುತ್ತದೆ. ಸೂರಿನ ದೋಣಿಯವರೆಗೆ ಒಯ್ಯಿರಿ, ಆಗದಿದ್ದರೆ 3 ಅಡಿಯ ತೂತಿನ ಪೈಪನ್ನು ಅಡ್ಡ ಮಲಗಿಸಿ ನೀರು ಹರಡಿ.

ಗದಗಿನ ಕಡೆ ಬೇಸಿಗೆ ಗಾಳಿ ಹೊತ್ತು ತರುವ ಮಣ್ಣಿಗೆ ದೋಣಿಗಳು ಮಳೆಗೆ ಮೊದಲೇ ಅರ್ಧ ತುಂಬಿರುತ್ತವೆ. ಸಣ್ಣ ಕಣ್ಣಿನ ಜಾಳಿಗೆ ಹಾಕಿದರೆ ಹುಣಸೆ ಎಲೆ ಅದರ ಮೇಲೇ ಹಾಸಿಕೊಳ್ಳುತ್ತದೆ. ಪೈಪಿನ ಬಾಯಿಗೆ ತಂತಿಯ ಉಂಡೆ ಇಟ್ಟು, ಕೈಯಿಂದ ಬಾಚುವುದೇ ಮೇಲು.

ಸೀಸವನ್ನೇ ಹಾಕಿಸಬೇಕೆನ್ನುವವರಿಗೆ

ಹಳೆಯ ಕಟ್ಟಡವನ್ನು ಇದ್ದಂತೆಯೇ ಉಳಿಸುವ ಕೆಲಸಗಳಲ್ಲಿ ಮಾತ್ರ ಇದರ ಅಗತ್ಯ ಬೀಳುತ್ತದೆ. 2.24 ಮಿ.ಮೀ. ದಪ್ಪದ್ದು ಚದರ ಮೀಟರಿಗೆ 25 ಕಿಲೋ ತೂಗುತ್ತದೆ. ಅಂಚಿನ ಪಟ್ಟಿಗಳು ಒಂದೂವರೆ ಮೀಟರ್ ಮೀರಬಾರದು. ಮೀರಿದರೆ ಬಿಸಿಲಿಗೆ ಉಬ್ಬಿ, ಉಬ್ಬಿದ ಕಡೆ ಹರಿಯುತ್ತದೆ. ಹೊದಿಸಿದ ಮೇಲೆ ಪ್ಯಾಟಿನೇಶನ್ ಎಣ್ಣೆ (ಹೊಸ ಸೀಸದ ಮೈ ಕಾಯುವ ಎಣ್ಣೆ) ಒರೆಸದಿದ್ದರೆ ಮೊದಲ ಮಳೆಗೆ ಬಿಳಿ ಕಲೆ ಇಳಿದು ಹಂಚು ಕೆಡುತ್ತದೆ. ಸೀಸದ ಮೇಲಿಂದ ಹರಿದ ನೀರು ಕುಡಿಯುವ ತೊಟ್ಟಿಗೂ ಕೈತೋಟಕ್ಕೂ ಸೇರಬಾರದು. ಮುಟ್ಟಿದ ಕೈಯನ್ನು ಊಟಕ್ಕೆ ಮೊದಲು ಸಾಬೂನು ಹಚ್ಚಿ ತೊಳೆಯಿರಿ, ಮಕ್ಕಳಿಗೆ ತುಂಡು ಸಿಗದಂತೆ ನೋಡಿಕೊಳ್ಳಿ.

ಯಾವಾಗ, ಹೇಗೆ ಏರುವುದು

ಫೆಬ್ರವರಿ-ಮಾರ್ಚ್ ಒಳ್ಳೆಯದು. ರೋಹಿಣಿ ಮಳೆ ಹಿಡಿಯುವ ಮೇ 25ರ ಹೊತ್ತಿಗೆ ಕೆಲಸ ಮುಗಿದು, ಪೈಪಿನ ನೀರಿನಿಂದ ಮತ್ತೊಮ್ಮೆ ಪರೀಕ್ಷೆಯೂ ಆಗಿರಬೇಕು. ಬಿಚ್ಚಿದ ಚಾವಣಿ ಮೇಲೆ ಏಪ್ರಿಲ್ ಸಂಜೆಯ ಮಳೆ ಬಿದ್ದರೆ ಅಟ್ಟದ ಹಲಗೆಯೂ ಹೋಗುತ್ತದೆ. ದಿನದ ಕೊನೆಗೆ ತಾಡಪತ್ರಿ ಕಟ್ಟಿಯೇ ಇಳಿಯಿರಿ.

ಹಂಚಿನ ನಡುವೆ ಕಾಲಿಡಬೇಡಿ. ಮಾಡಿನ ತುದಿಗೆ ಕೊಕ್ಕೆ ಹಾಕಿದ ಏಣಿ ಮಲಗಿಸಿ ಅದರ ಮೇಲೆ ನಡೆಯಿರಿ, ಸೊಂಟಕ್ಕೆ ಹಗ್ಗ ಇರಲಿ. ಅದೇ ಬಗೆಯ 20-30 ಹಂಚು ಮೊದಲೇ ತಂದಿಟ್ಟುಕೊಳ್ಳಿ. ಬೇರೆ ಬೇರೆ ಕಾರ್ಖಾನೆಯ ಹಂಚಿನ ಕೊಂಡಿ ಒಂದಕ್ಕೊಂದು ಸರಿಯಾಗಿ ಕೂರುವುದಿಲ್ಲ, ಹಳೆಯದೊಂದನ್ನು ಕೈಯಲ್ಲೇ ಒಯ್ದು ಹೊಂದಿಸಿ ತನ್ನಿ. ಮುಸ್ಯಾಗಳು (ಉದ್ದ ಬಾಲದ ಕೋತಿಗಳು) ಓಡಾಡುವ ಮನೆಯಾದರೆ ಗೂಡಿನ ಅಕ್ಕಪಕ್ಕದ ಎರಡು ಸಾಲು ಹಂಚುಗಳನ್ನು ರೀಪಿಗೆ ತಾಮ್ರವಲ್ಲದ, ಜಿ.ಐ. ತಂತಿಯಿಂದಲೇ ಕಟ್ಟಿ. ತಾಮ್ರ ತಾಗಿದ ನೀರು ಸತುವನ್ನು ಬೇಗ ಸವೆಸುತ್ತದೆ. ಮಳೆಗಾಲದ ನಡುವೆ, ಪುಷ್ಯ ಮಳೆಯ ಹೊತ್ತಿಗೆ ಹೊಳವಾದ ಒಂದು ದಿನ ಬೆನ್ನಿನ ಕಸ ಒಮ್ಮೆ ಬಾಚಿ ತೆಗೆದರೆ ಚಿತ್ತಿ ಮಳೆಯವರೆಗೆ ಮತ್ತೆ ಏರುವ ಕೆಲಸ ಬೀಳುವುದಿಲ್ಲ.